ಇಳಿಯುವ ಮುನ್ನವೇ ಹತ್ತುವ ಚೀಟಿ

ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ನಮಗೆಲ್ಲ ಚಿಕ್ಕಂದಿನಲ್ಲಿಯೇ ಕಲಿಸಿದ್ದಾರೆ. ಅಗಲುವ ಮಾತಿನೊಳಗೆ ಮರಳುವ ಮಾತನ್ನೂ ಸೇರಿಸಿಬಿಡುವುದು ನಮ್ಮ ಭಾಷೆಯ ಸೌಜನ್ಯ. ಈ ಸೌಜನ್ಯವನ್ನೇ ವ್ಯಾಪಾರದ ಕ್ರಮವನ್ನಾಗಿ ಮಾಡಿಕೊಂಡ ಒಂದು ಮೇಜನ್ನು ನಾವು ಕಳೆದ ಚಳಿಗಾಲದಲ್ಲಿ ಕಂಡೆವು. ಬಳಗದ ಏಳೆಂಟು ಮಂದಿ ಮುಂಬಯಿಯಿಂದ ನಾಲ್ಕು ರಾತ್ರಿಗಳ ವಿಹಾರನೌಕೆಯ ಪ್ರಯಾಣ ಕೈಗೊಂಡಿದ್ದೆವು. ಕೊನೆಯ ಸಂಜೆ, ಪೆಟ್ಟಿಗೆಗಳನ್ನು ಕಟ್ಟುವ ಹೊತ್ತಿಗೆ, ಹಡಗಿನ ನಡುಮನೆಯಂತಹ ವಿಶಾಲ ಅಂಗಳದಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಊಟಕ್ಕಲ್ಲ, ಲೆಕ್ಕ ಚುಕ್ತಾ ಮಾಡುವುದಕ್ಕೂ ಅಲ್ಲ. ಮುಂದಿನ ವರ್ಷದ ಯಾನವನ್ನು ಈಗಲೇ ಕಾಯ್ದಿರಿಸುವುದಕ್ಕೆ. ನಮ್ಮ ಬಳಗದ ಹಿರಿಯ ದಂಪತಿಗಳೂ ಆ ಸಾಲಿನಲ್ಲಿದ್ದರು.

ಇಳಿಯುವ ಮೊದಲೇ ಮತ್ತೆ ಹತ್ತುವ ಚೀಟಿಯನ್ನು ಏಕೆ ಮಾರುತ್ತಾರೆ, ಏಕೆ ಕೊಳ್ಳುತ್ತಾರೆ ಎಂಬ ಕುತೂಹಲ ಆ ದಿನ ಹುಟ್ಟಿದ್ದು. ಉತ್ತರವನ್ನು ಹುಡುಕುತ್ತ ಹೋದಂತೆ, ಸಣ್ಣದೆಂದು ಕಂಡ ಆ ಮೇಜಿನ ಹಿಂದೆ ಸುಮಾರು ನೂರ ಎಂಬತ್ತು ವರ್ಷಗಳ ಇತಿಹಾಸವಿರುವುದು ತಿಳಿಯಿತು.

ಆ ಇತಿಹಾಸದ ಮೂಲದಲ್ಲಿರುವುದು ಒಂದು ಭಯ: ಖಾಲಿ ಬರ್ತಿನ ಭಯ. ಶಂಕರಪುರದ ಮಲ್ಲಿಗೆ ಮಾಟುಂಗದ ಹೂವಿನಂಗಡಿಯಲ್ಲಿ ಸಂಜೆಯೊಳಗೆ ಮಾರಾಟವಾಗದಿದ್ದರೆ ಮರುದಿನ ಅರ್ಧ ಬೆಲೆಗಾದರೂ ಹೋದೀತು. ಹಡಗು ಲಂಗರು ಎತ್ತಿದ ಮೇಲೆ ಖಾಲಿ ಉಳಿದ ಕೋಣೆಗೆ ಆ ಅರ್ಧ ಬೆಲೆಯೂ ಇಲ್ಲ. ಪ್ರಯಾಣಿಕರು ಸಾವಿರವಿರಲಿ, ನೂರಿರಲಿ, ಕಲ್ಲಿದ್ದಲು ಉರಿಯಲೇಬೇಕು, ನಾವಿಕರಿಗೆ ಸಂಬಳ ಕೊಡಲೇಬೇಕು, ಬಂದರಿನ ಸುಂಕ ಕಟ್ಟಲೇಬೇಕು. ವಿಹಾರಯಾನದ ಚರಿತ್ರೆಯಲ್ಲಿ ಹೊಸ ಉಪಾಯಗಳೆಂದು ಹೆಸರಾದವುಗಳಲ್ಲಿ ಹೆಚ್ಚಿನವು ಈ ಖಾಲಿ ಬರ್ತನ್ನು ತುಂಬುವ ಉಪಾಯಗಳೇ.

ಮೊದಲ ಉಪಾಯ ಬರೆಹಗಾರನನ್ನು ಹತ್ತಿಸಿಕೊಳ್ಳುವುದು. ಪೆನಿನ್ಸುಲರ್ ಆ್ಯಂಡ್ ಓರಿಯೆಂಟಲ್, ಅಂದರೆ ನಾವು ಪಿ ಆ್ಯಂಡ್ ಓ ಎಂದು ಬಲ್ಲ ಕಂಪನಿ, 1837ರಲ್ಲಿ ಐಬೀರಿಯಾ ಪರ್ಯಾಯದ್ವೀಪಕ್ಕೆ ಅಂಚೆ ಸಾಗಿಸುವ ಗುತ್ತಿಗೆ ಪಡೆದು ಬೆಳೆದದ್ದು. ಅಂಚೆಯ ಹಣ ನಿಶ್ಚಿತ, ಪ್ರಯಾಣಿಕರು ಅನಿಶ್ಚಿತ. 1844ರಲ್ಲಿ ಅದು ಕಾದಂಬರಿಕಾರ ಥ್ಯಾಕರೆಗೆ ಮೆಡಿಟರೇನಿಯನ್ ಸುತ್ತಿಬರಲು ಉಚಿತ ಪ್ರಯಾಣ ಕೊಟ್ಟಿತು. ಜಿಬ್ರಾಲ್ಟರ್, ಅಥೆನ್ಸ್, ಕಾನ್‌ಸ್ಟಾಂಟಿನೋಪಲ್, ಜೆರುಸಲೇಮ್, ಕೈರೋಗಳನ್ನು ನೋಡಿಬಂದ ಆತ 1846ರಲ್ಲಿ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ಕಡಲಿನ ಕಾಯಿಲೆಯನ್ನೂ ಬಂದರುಗಳ ಕೊಳಕನ್ನೂ ಆತ ಮುಚ್ಚಿಡಲಿಲ್ಲ. ಆದರೂ, ಕೆಲಸವಿಲ್ಲದೆ, ಕೇವಲ ನೋಡುವುದಕ್ಕೆಂದು ಉಗಿಹಡಗಿನಲ್ಲಿ ಹೋಗಿಬರಬಹುದು ಎಂಬ ವಿಚಾರ ಓದುಗರ ಮನಸ್ಸಿನಲ್ಲಿ ಬೇರೂರಲು ಆ ಪುಸ್ತಕ ನೆರವಾಯಿತು. 1867ರಲ್ಲಿ ಮಾರ್ಕ್ ಟ್ವೇನ್ ‘ಕ್ವೇಕರ್ ಸಿಟಿ’ ಹಡಗಿನಲ್ಲಿ ನ್ಯೂಯಾರ್ಕಿನಿಂದ ಅದೇ ಪವಿತ್ರ ಭೂಮಿಯತ್ತ ಹೊರಟಾಗ ಒಬ್ಬರ ದರ 1250 ಡಾಲರ್. ಆ ಹಣವನ್ನು ಕಟ್ಟಿದ್ದು ಒಂದು ಪತ್ರಿಕೆ.

ಎರಡನೆಯ ಉಪಾಯ ಜರ್ಮನಿಯದು. ಹ್ಯಾಂಬರ್ಗಿನ ಹಪಾಗ್ ಕಂಪನಿಯ ಆಲ್ಬರ್ಟ್ ಬಾಲಿನ್ ಎಂಬಾತ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟುವವರು ಕಡಿಮೆಯಾಗುವುದನ್ನು ಗಮನಿಸಿದ್ದ. ಬಿರುಗಾಳಿಯ ತಿಂಗಳುಗಳಲ್ಲಿ ಭಾರೀ ಹಡಗುಗಳು ದುಡಿಮೆಯಿಲ್ಲದೆ ನಿಲ್ಲುತ್ತಿದ್ದವು. 1891ರ ಜನವರಿ 22ರಂದು ‘ಆಗಸ್ಟಾ ವಿಕ್ಟೋರಿಯಾ’ ಎಂಬ ಹಡಗನ್ನು ಆತ 241 ಪ್ರಯಾಣಿಕರೊಂದಿಗೆ ಕುಕ್ಸ್‌ಹಾವನ್ ಬಂದರಿನಿಂದ ಮೆಡಿಟರೇನಿಯನ್ನಿನ ಬಿಸಿಲಿಗೆ ಕಳುಹಿಸಿದ, ತಾನೂ ಜೊತೆಗೆ ಹೋದ. ಸುಮಾರು ಎರಡು ತಿಂಗಳ ಆ ಯಾನ ಗೆದ್ದಿತು. ಗೆದ್ದದ್ದನ್ನು ಕಂಡು, ವಿಹಾರಕ್ಕೆಂದೇ ಕಟ್ಟಿಸಿದ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ’ 1900ರಲ್ಲಿ ನೀರಿಗಿಳಿಯಿತು. 1906ರ ಡಿಸೆಂಬರಿನಲ್ಲಿ ಜಮೈಕಾದ ಬಳಿ ಬಂಡೆಗೆ ಸಿಕ್ಕಿ ಅದು ನಾಶವಾದರೂ, ಹಡಗು ಊರಿಗೆ ತಲುಪಿಸುವ ಸಾಧನವಷ್ಟೇ ಅಲ್ಲ, ತಾನೇ ಒಂದು ಊರಾಗಬಹುದು ಎಂಬ ಕಲ್ಪನೆ ಉಳಿಯಿತು.

ಮೂರನೆಯ ಸಲ ಬರ್ತುಗಳನ್ನು ಖಾಲಿ ಮಾಡಿದ್ದು ಒಂದು ಕಾಯಿದೆ. 1924ರಲ್ಲಿ ಅಮೆರಿಕ ವಲಸೆಯನ್ನು ಬಿಗಿಗೊಳಿಸಿತು. ಏಷ್ಯಾದವರಿಗೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು, ದಕ್ಷಿಣ ಮತ್ತು ಪೂರ್ವ ಯೂರೋಪಿನವರಿಗೆ ಕಿರಿದಾಯಿತು. ಗಂಟುಮೂಟೆ ಹೊತ್ತ ವಲಸಿಗರಿಂದ ತುಂಬುತ್ತಿದ್ದ ಮೂರನೆಯ ದರ್ಜೆ ಬರಿದಾಯಿತು. ಕಂಪನಿಗಳು ಅದೇ ಕೋಣೆಗಳಿಗೆ ಬಣ್ಣ ಬಳಿದು, ಹಾಸಿಗೆ ಬದಲಿಸಿ, ‘ಪ್ರವಾಸಿ ಮೂರನೆಯ ದರ್ಜೆ’ ಎಂದು ಹೆಸರಿಟ್ಟು ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಮಾರಿದವು. ಮರಳುವ ಚೀಟಿಯಿಲ್ಲದೆ ದಾಟಿದವರ ಜಾಗದಲ್ಲಿ ಮರಳುವ ಚೀಟಿ ಹಿಡಿದವರು ಮಲಗಿದರು. ವಲಸೆಯ ಕಥೆ ಪ್ರವಾಸದ ಕಥೆಯಾಗಿ ಬದಲಾದ ಈ ಕ್ಷಣ, ಊರು ಬಿಟ್ಟು ಬಂದ ನಮ್ಮಂಥವರಿಗೆ ವಿಶೇಷವಾಗಿ ಯೋಚಿಸತಕ್ಕದ್ದು.

ಮುಂಬಯಿಗೂ ಮರಳುವ ಚೀಟಿಗೂ ಹಳೆಯ ನಂಟಿದೆ. ಬ್ಯಾಲಾರ್ಡ್ ಪಿಯರಿನಲ್ಲಿ ಅಂಚೆಹಡಗಿನಿಂದ ಇಳಿದ ಆಂಗ್ಲ ಅಧಿಕಾರಿಗಳನ್ನು ನೇರವಾಗಿ ಉತ್ತರಕ್ಕೆ ಕೊಂಡೊಯ್ಯಲು 1928ರಲ್ಲಿ ಫ್ರಾಂಟಿಯರ್ ಮೇಲ್ ಆರಂಭವಾಯಿತು. ರಜೆಯ ಮೇಲೆ ಹೋಗುವವರಿಗೆ ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ. ಇಂದಿಗೂ ಠಾಕುಠೀಕಿನ ಬದುಕಿಗೆ ನಾವು ಬಳಸುವ ‘ಪಾಶ್’ ಎಂಬ ಮಾತು ಈ ಮರಳುವ ಚೀಟಿಯಿಂದಲೇ ಹುಟ್ಟಿತೆಂಬ ದಂತಕಥೆಯಿದೆ. ಹೋಗುವಾಗ ಎಡಮಗ್ಗುಲಿನ ಕೋಣೆ, ಬರುವಾಗ ಬಲಮಗ್ಗುಲಿನ ಕೋಣೆ, ಹೀಗೆ ಬಿಸಿಲು ತಪ್ಪಿಸಿಕೊಳ್ಳುವ ಸಿರಿವಂತರ ಚೀಟಿಯ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಮುದ್ರೆ ಒತ್ತುತ್ತಿದ್ದರಂತೆ. ಅಂಥ ಮುದ್ರೆಯ ಒಂದು ಚೀಟಿಯೂ ಇದುವರೆಗೆ ಸಿಕ್ಕಿಲ್ಲ. ಕಥೆ ಸುಳ್ಳಾದರೂ ಅದರೊಳಗಿನ ಆಸೆ ನಿಜ: ಹೊರಡುವ ಮೊದಲೇ ಮರಳುವ ದಾರಿಯ ನೆರಳನ್ನೂ ಕಾಯ್ದಿರಿಸುವ ಆಸೆ.

1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಪ್ರಯಾಣಿಕ ಸೇವೆ ಆರಂಭವಾದಾಗ ಹಡಗಿನ ಹಳೆಯ ಕೆಲಸವೇ ಹೋಯಿತು. ದಿನಗಳ ದಾರಿ ಗಂಟೆಗಳಿಗಿಳಿದ ಮೇಲೆ ತಲುಪುವುದಕ್ಕಾಗಿ ಹಡಗು ಹತ್ತುವವರು ಯಾರು? ಉಳಿದದ್ದು ತಲುಪಬೇಕಾಗಿಲ್ಲದ ಪ್ರಯಾಣ ಮಾತ್ರ. 1966ರ ಡಿಸೆಂಬರಿನಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ ಮತ್ತು ಟೆಡ್ ಆರಿಸನ್ ಜೊತೆಗೂಡಿ ‘ಸನ್‌ವರ್ಡ್’ ಹಡಗನ್ನು ಮಿಯಾಮಿಯಿಂದ ಹೊರಡಿಸಿದರು. ಅವರಿಬ್ಬರೂ ಬೇರೆಯಾದ ಮೇಲೆ ಆರಿಸನ್ ಕಾರ್ನಿವಲ್ ಕಂಪನಿಯನ್ನು ಕಟ್ಟಿದ. ಅದರ ಮೊದಲ ಹಡಗು ‘ಮಾರ್ಡಿ ಗ್ರಾ’ 1972ರ ಮಾರ್ಚ್ 11ರಂದು, ತನ್ನ ಮೊದಲ ಯಾನದಲ್ಲಿಯೇ, ಮಿಯಾಮಿಯ ಹೊರಗೆ ಮರಳಿಗೆ ಸಿಕ್ಕಿಕೊಂಡಿತು. ಹೀಗೆ ಎಡವಿ ಆರಂಭಿಸಿದ ಕಂಪನಿ ಮುಂದೆ ಈ ಉದ್ಯಮದ ಅತಿ ದೊಡ್ಡ ಕಂಪನಿಯಾಯಿತು.

ಹೊರಟ ಬಂದರಿಗೇ ಮರಳುವ ಯಾನದಲ್ಲಿ ವ್ಯಾಪಾರಿಗೆ ಹೊಸ ಅನುಕೂಲವೊಂದಿದೆ. ಊರು ತಲುಪಿದವನಿಗೆ ಊರಿನ ಕೆಲಸವಿರುತ್ತದೆ. ವಿಹಾರಯಾನಿಗೆ ಹಡಗೇ ಊರು, ಮುಗಿಯುವುದು ಅವನಿಗೆ ಬೇಡ. ಕೊನೆಯ ದಿನ ನೆಲ ಕಾಣದ ಕಡಲಿನಲ್ಲಿ ಆ ಬೇಡವೆಂಬ ಭಾವ ತುಂಬಿರುವಾಗಲೇ ಮೇಜು ತೆರೆದಿರುತ್ತದೆ. ನಾವು ಕಂಡಂತೆ, ಮತ್ತು ಹಲವು ಕಂಪನಿಗಳ ರೂಢಿಯಂತೆ, ಅಲ್ಲಿ ಸಿಗುವುದು ಇಷ್ಟು: ದಡದಲ್ಲಿ ಕೇಳುವುದಕ್ಕಿಂತ ಕಡಿಮೆ ಮುಂಗಡ, ಮುಂದಿನ ಯಾನದಲ್ಲಿ ಹಡಗಿನೊಳಗೆ ಖರ್ಚು ಮಾಡಲು ಒಂದಿಷ್ಟು ಮೊತ್ತ, ಬೇಕಾದರೆ ದಿನಾಂಕವನ್ನು ಆಮೇಲೆ ನಿಶ್ಚಯಿಸುವ ಅವಕಾಶ. ದಡದ ಏಜೆಂಟನ ದಲ್ಲಾಳಿಯೂ ಬಹುತೇಕ ತಪ್ಪುವುದಿಲ್ಲ. ಆತ ಮುನಿಸಿಕೊಂಡು ಬೇರೆ ಕಂಪನಿಯ ಹಡಗನ್ನು ಹೊಗಳಬಾರದಲ್ಲ! ಕಂಪನಿಗೆ ದೊರೆಯುವುದು ಬಡ್ಡಿಯಿಲ್ಲದ ಹಣ, ಜಾಹೀರಾತಿಲ್ಲದ ಗಿರಾಕಿ, ಎಲ್ಲಕ್ಕಿಂತ ಮಿಗಿಲಾಗಿ ಒಂದು ವರ್ಷ ಮೊದಲೇ ತುಂಬಿದ ಬರ್ತು. ಬಾಲಿನ್‌ಗೆ ಚಳಿಗಾಲವೊಂದರ ಚಿಂತೆಯಿತ್ತು. ಈ ಮೇಜು ಬರುವ ವರ್ಷದ ಚಿಂತೆಯನ್ನು ಈ ವರ್ಷವೇ ತೀರಿಸಿಕೊಳ್ಳುತ್ತದೆ.

ಮುಂಗಡವೆಂಬುದು ಪರಸ್ಪರ ನಂಬಿಕೆ. ಅದರ ಪರೀಕ್ಷೆ 2020ರಲ್ಲಿ ನಡೆಯಿತು. ಆ ವರ್ಷದ ಫೆಬ್ರವರಿಯಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗು 3711 ಮಂದಿಯೊಂದಿಗೆ ಯೊಕೊಹಾಮದಲ್ಲಿ ದಿಗ್ಬಂಧನಕ್ಕೊಳಗಾಯಿತು, ಅವರಲ್ಲಿ 712 ಮಂದಿಗೆ ಕೊರೊನಾ ಸೋಂಕು ತಗಲಿತು. ಮಾರ್ಚಿನ ಹೊತ್ತಿಗೆ ಜಗತ್ತಿನ ವಿಹಾರನೌಕೆಗಳು ಬಹುತೇಕ ನಿಂತವು. ಕಟ್ಟಿದ ಹಣವನ್ನು ಮರಳಿ ಪಡೆಯದೆ ಮುಂದಿನ ಯಾನಕ್ಕೆ ಉಳಿಸಿಕೊಂಡರೆ ನೂರಕ್ಕೆ ನೂರಿಪ್ಪತ್ತೈದರ ಲೆಕ್ಕದಲ್ಲಿ ಜಮೆ ಕೊಡುವುದಾಗಿ ಕೆಲವು ಕಂಪನಿಗಳು ಹೇಳಿದವು. ಯಾವ ಹಡಗೂ ಚಲಿಸದಿದ್ದಾಗಲೂ ಮಾರಾಟಕ್ಕೆ ಉಳಿದ ಒಂದೇ ಸರಕು ‘ಮುಂದಿನ ಯಾನ’.

ಆ ಯೊಕೊಹಾಮದ ಹಡಗಿನಲ್ಲಿ ಭಾರತೀಯರು 138 ಮಂದಿ ಇದ್ದರು. ಅವರಲ್ಲಿ ಪ್ರಯಾಣಿಕರು 6, ಸಿಬ್ಬಂದಿ 132. ಪ್ರಯಾಣಿಕರು ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡಿದ್ದಾಗ ಅವರ ಬಾಗಿಲಿಗೆ ಊಟ ತಲುಪಿಸುತ್ತಿದ್ದವರು ಸಿಬ್ಬಂದಿಯವರೇ. ಈ ಅಂಕಿಗಳನ್ನು ಓದಿದಾಗ, ಹಡಗಿನ ಇತಿಹಾಸವನ್ನು ಮೇಲಂತಸ್ತಿನಿಂದ ಮಾತ್ರ ಬರೆಯುವುದು ಅರ್ಧ ಬರೆದಂತೆ ಎಂದು ನಮಗೆ ತೋರಿತು.

ಕೆಳಗಿನ ಅಂತಸ್ತಿನಲ್ಲಿಯೂ ‘ಮುಂದಿನ ಯಾನ’ದ ಚರಿತ್ರೆಯೊಂದಿದೆ. ಪಿ ಆ್ಯಂಡ್ ಓ ಹಡಗುಗಳ ಒಲೆ ಉರಿಸಿದವರು, ಹಗ್ಗ ಎಳೆದವರು, ತಟ್ಟೆ ಬಡಿಸಿದವರು ಬಹುಪಾಲು ನಮ್ಮ ಉಪಖಂಡದ ಲಸ್ಕರರು. ಅವರಿಗೆ ಬೇರೆಯೇ ಕರಾರು, ಬಿಳಿಯ ನಾವಿಕನ ಕೂಲಿಯ ಒಂದು ಪಾಲಷ್ಟೇ ಕೂಲಿ. ಸಾರಂಗನ ಕೃಪೆಯಿದ್ದರೆ ಮುಂದಿನ ಹಡಗು, ಇಲ್ಲವಾದರೆ ಧಕ್ಕೆಯ ಮೇಲೆ ಕಾಯುವುದು. ಮುಂಬಯಿಯ ಧೋಬಿ ತಲಾವಿನ ಸುತ್ತ ಗೋವೆಯ ಹಳ್ಳಿಗಳವರು ತಮ್ಮ ತಮ್ಮ ಊರಿನ ಹೆಸರಿನಲ್ಲಿ ಕಟ್ಟಿಕೊಂಡ ‘ಕೂಡ್’ಗಳು ಈ ಕಾಯುವಿಕೆಯ ಮನೆಗಳು. ಸಾಲಾಗಿ ಪೆಟ್ಟಿಗೆಗಳು, ನಡುವೆ ಚಾಪೆ, ಗೋಡೆಗೊಂದು ಪೂಜಾಪೀಠ. ಒಂದು ಹಡಗಿನಿಂದ ಇಳಿದವನು ಮತ್ತೊಂದು ಹಡಗು ಸಿಗುವವರೆಗೆ ಅಲ್ಲಿ ಮಲಗುತ್ತಿದ್ದ. ಕೆಲಸ ಕೊಡಿಸುವುದಕ್ಕೆ ನಾವಿಕನಿಂದ ಹಣ ಕೀಳಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1920ರಷ್ಟು ಹಿಂದೆಯೇ ಒಪ್ಪಂದ ಮಾಡಿತು. 2006ರ ಕಡಲ ಕಾರ್ಮಿಕ ಒಪ್ಪಂದ ಅದನ್ನು ಮತ್ತೆ ಸಾರಿ, ಕರಾರು ಮುಗಿದವನನ್ನು ಮನೆಗೆ ತಲುಪಿಸುವ ಹೊಣೆಯನ್ನು ಹಡಗಿನ ಒಡೆಯನಿಗೆ ಹೊರಿಸಿತು. ಭಾರತ ಅದಕ್ಕೆ 2015ರಲ್ಲಿ ಸಮ್ಮತಿ ನೀಡಿತು. ಒಂದೇ ಮಾತನ್ನು ಎರಡು ಬಾರಿ ಕಾನೂನು ಮಾಡಬೇಕಾಯಿತೆಂದರೆ, ರೋಗ ಎಷ್ಟು ಹಳೆಯದೆಂದು ಓದುಗರು ಊಹಿಸಬಹುದು.

ಕೊನೆಯ ರಾತ್ರಿಯ ಊಟದಲ್ಲಿ ನಮಗೆ ಬಡಿಸುತ್ತಿದ್ದ ಹುಡುಗ ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಮುಗುಳ್ನಕ್ಕ. “ನಿನ್ನದು ಯಾವೂರಾಯ್ತು ಮಾರಾಯ?” ಎಂದು ನಮ್ಮ ಹಿರಿಯಮ್ಮ ಕೇಳಿದರು. ಬೈಂದೂರಿನ ಹತ್ತಿರವಂತೆ. ಅಷ್ಟು ಹೊತ್ತು ‘ಮೇಡಂ’ ಎನ್ನುತ್ತಿದ್ದವನು ಆಮೇಲೆ ‘ಅಮ್ಮ’ ಎಂದ. ಹತ್ತಿ ಏಳು ತಿಂಗಳಾಯಿತು, ಇನ್ನೆರಡು ತಿಂಗಳಿದೆ ಎಂದ. ಮನೆಗೆ ಹೋದ ಮೇಲೆ ಮುಂದೇನು ಎಂದು ಕೇಳಿದೆವು. “ಮುಂದಿನ ಕರಾರಿನ ಕಾಗದ ಇನ್ನೂ ಬರಬೇಕು ಅಮ್ಮ. ಅದು ಬಂದರೆ ಮನೆಯಲ್ಲಿ ನೆಮ್ಮದಿಯಾಗಿ ಕೂರಬಹುದು” ಎಂದ. ಪ್ರಯಾಣಿಕನಿಗೆ ಮುಂದಿನ ಯಾನದ ಚೀಟಿ ಸಿಕ್ಕರೆ ಮನೆಯನ್ನು ಮರೆಯುವ ನೆಮ್ಮದಿ, ಇವನಿಗೆ ಸಿಕ್ಕರೆ ಮನೆಯಲ್ಲಿರುವ ನೆಮ್ಮದಿ.

ನಮ್ಮ ಹಿರಿಯರು ಮುಂಬಯಿಗೆ ಮೊದಲು ಬಂದದ್ದು ಬಾಲಕನಾಗಿ, ಆಗಬೋಟಿನಲ್ಲಿ. ಕರಾವಳಿಯುದ್ದಕ್ಕೂ ರೈಲು ಬಂದದ್ದು 1998ರಲ್ಲಿ. ಅದಕ್ಕೆ ಮುಂಚಿನ ತಲೆಮಾರುಗಳಲ್ಲಿ ಊರಿನ ಎಷ್ಟೋ ಹುಡುಗರು ಹೋಟೆಲಿನ ಕೆಲಸಕ್ಕೆ ಹೊರಟದ್ದು ಕಡಲ ದಾರಿಯಲ್ಲಿಯೇ. ಮಳೆಗಾಲದಲ್ಲಿ ಹಡಗು ನಿಲ್ಲುತ್ತಿತ್ತು. ಜೇಬಿನಲ್ಲಿ ಹೋಗುವ ಚೀಟಿ ಮಾತ್ರ ಇರುತ್ತಿತ್ತು. “ನನ್ನ ಅಮ್ಮ ಧಕ್ಕೆಯಲ್ಲಿ ನಿಂತು ‘ಹೋಗಿ ಬಾ’ ಎಂದರು. ಬರುವುದಕ್ಕೆ ನನಗೆ ಆರು ವರ್ಷ ಹಿಡಿಯಿತು” ಎಂದು ಅವರು ಸಾಲಿನಲ್ಲಿ ನಿಂತಿದ್ದಾಗ ಹೇಳಿದರು. ಮೇಜಿನ ಮುಂದೆ ಅವರು ಅವಸರಪಡಲಿಲ್ಲ. ಕನ್ನಡಕ ಏರಿಸಿಕೊಂಡು, ಹಣ ಯಾವ ದಿನದವರೆಗೆ ಮರಳುತ್ತದೆ, ಆರೋಗ್ಯ ಕೆಟ್ಟರೆ ಏನು, ಚೀಟಿಯನ್ನು ಮಗಳ ಹೆಸರಿಗೆ ಬರೆಯಬಹುದೇ ಎಂದು ಒಂದೊಂದನ್ನೇ ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆದು, ಆಮೇಲೆ ಸಹಿ ಹಾಕಿದರು. ಆ ಮೇಜಿನ ಮುಂದೆ ನಿಲ್ಲುವ ನಮ್ಮ ಓದುಗರಿಗೂ ನಾವು ಹೇಳಬಹುದಾದ ಬುದ್ಧಿಮಾತು ಇಷ್ಟೇ.

ಮರುದಿನ ಬೆಳಗ್ಗೆ ಬ್ಯಾಲಾರ್ಡ್ ಪಿಯರಿನಲ್ಲಿ ಇಳಿಯುವಾಗ ಬೈಂದೂರಿನ ಹುಡುಗ ಏಣಿಯ ಬಳಿ ಕೈಮುಗಿದು ನಿಂತಿದ್ದ. ಹಿರಿಯಮ್ಮ ಅವನಿಗೆ ‘ಹೋಗಿ ಬರುತ್ತೇವೆ’ ಎಂದರು. ಆಮೇಲೆ ಒಂದು ಕ್ಷಣ ನಿಂತು, ‘ನೀನೂ ಬೇಗ ಮನೆಗೆ ಹೋಗಿ ಬಾ ಮಗಾ’ ಎಂದರು.