ಶ್ರೀಶೈಲ ಪಾದಯಾತ್ರೆ: ಗಂಟಿನ ಭಾರ, ಕಾಲಿನ ಆರೈಕೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದ ಭಕ್ತರು ಯುಗಾದಿಗೆ ಮುನ್ನ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಪಾದಯಾತ್ರೆ ಕೈಗೊಳ್ಳುವುದು ವಾಡಿಕೆ. ನೂರಾರು ಕಿ.ಮೀ. ದಾರಿಯ ಕೊನೆಗೆ, ಕಾಲುಗಳು ದಣಿದಿರುವಾಗಲೇ, ನಲ್ಲಮಲ ಅರಣ್ಯದ ಕಠಿಣ ಹಾದಿ ಎದುರಾಗುತ್ತದೆ. ನಾಗಲೂಟಿ, ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿದು, ಕೈಲಾಸದ್ವಾರಕ್ಕೆ ಮತ್ತೆ ಏರಬೇಕು.

ಹೊರಡುವ ಮುನ್ನ: ಹೊಸ ಪಾದರಕ್ಷೆ ಸಲ್ಲದು, ಕೆಲವು ವಾರ ಧರಿಸಿ ಹದಗೊಂಡದ್ದೇ ಲೇಸು. ಕಾಡುದಾರಿಯಲ್ಲಿ ವಾಹನ ಜೊತೆಗಿರದು. ಆದ್ದರಿಂದ ನೀರು, ಬ್ಯಾಟರಿ, ಎರಡು ಜೊತೆ ಕಾಲುಚೀಲ, ನಿತ್ಯದ ಔಷಧಿ ಹಾಗೂ ಓಆರ್‌ಎಸ್ ಪೊಟ್ಟಣಗಳು ಹೆಗಲ ಚೀಲದಲ್ಲೇ ಇರಬೇಕು. ಬೇಕಾದೀತೆಂದು ತುಂಬಿದ ಉಳಿದೆಲ್ಲ ವಸ್ತುಗಳ ಭಾರವನ್ನು ಇಳಿಜಾರಿನಲ್ಲಿ ಮೊಣಕಾಲುಗಳೇ ಹೊರಬೇಕಾಗುತ್ತದೆ.

ಮರಳಿದ ಮೇಲೆ: ಸ್ನಾಯುನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳಲ್ಲಿ ಉಲ್ಬಣಿಸಿ, ಬಳಿಕ ತಗ್ಗುತ್ತದೆ. ಮಲಗಿಯೇ ಇರುವ ಬದಲು ಮೆಲ್ಲನೆ ನಡೆದಾಡುವುದು ಒಳಿತು. ಬೊಬ್ಬೆಗಳನ್ನು ಒಡೆಯದೆ ಶುಚಿಯಾಗಿಡಬೇಕು. ಮಧುಮೇಹಿಗಳು ನೋವಿಲ್ಲದಿದ್ದರೂ ಅಂಗಾಲನ್ನು ನಿತ್ಯ ಪರೀಕ್ಷಿಸಿಕೊಳ್ಳುವುದು ಅಗತ್ಯ. ನೀರು ಕುಡಿಯದೆ ನೋವಿನ ಮಾತ್ರೆ ನುಂಗಿ ನಡೆಯುವುದು ಮೂತ್ರಪಿಂಡಗಳಿಗೆ ಅಪಾಯಕಾರಿ. ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಅದನ್ನು ಬರಿಯ ದಣಿವೆಂದು ಭಾವಿಸದೆ ಅಂದೇ ವೈದ್ಯರನ್ನು ಕಾಣಬೇಕು.