ಕಲ್ಯಾಣದ ಅರಸನ ಆಟ, ನಮ್ಮ ಪುಟ್ಟಿಯ ರಜೆ

ಹುಮನಾಬಾದಿಗೆ ಹೋದಾಗೆಲ್ಲ ನನಗೆ ಎದುರಾಗೋ ಪ್ರಶ್ನೆ ಒಂದೇ. ಸಣ್ಣ ಮಗುವನ್ನ ಕರ್ಕೊಂಡು ರಜೆ ದಿನ ಎಲ್ಲಿಗೆ ಹೋಗೋದು? ಕೆಲ ವರ್ಷ ನಾವು ಟೋಕಿಯೋದ ನಿಶಿ-ಕಸಾಯ್‌ನಲ್ಲಿದ್ವಿ. ಅಲ್ಲಿ ಈ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳೋ ಅಗತ್ಯವೇ ಇರಲಿಲ್ಲ. ಓಣಿಗೊಂದು ಪುಟ್ಟ ಪಾರ್ಕು, ಅದರಲ್ಲೊಂದು ಜೋಕಾಲಿ, ಒಂದು ಜಾರುಬಂಡಿ, ಒಂದು ಮರಳಿನ ಗುಂಡಿ. ಸೈಕಲ್ಲಿನ ಹಿಂದೆ ಮಗಳನ್ನ ಕೂರಿಸ್ಕೊಂಡು ಸ್ವಲ್ಪ ದೂರ ಹೋದ್ರೆ ಸಮುದ್ರದಂಡೆಯ ದೊಡ್ಡ ಉದ್ಯಾನ. ಬಸವಕಲ್ಯಾಣದ ವಿಷಯಕ್ಕೆ ಬಂದ್ರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪಟ್ಟಿ: ಕೋಟೆ ನೋಡ್ರಿ, ಬಸವಣ್ಣನವರ 108 ಅಡಿ ಮೂರ್ತಿ ನೋಡ್ರಿ, ವಾಪಸ್ ಬರ್ರಿ.

ತಮಾಷೆ ಏನಂದ್ರೆ, ಬಿಡುವಿದ್ದಾಗ ಎಲ್ಲಿಗೆ ಹೋಗಬೇಕು, ಏನಾಡಬೇಕು, ಏನು ತಿನ್ನಬೇಕು ಅಂತ ದೊಡ್ಡ ಪುಸ್ತಕವನ್ನೇ ಬರೆದದ್ದು ಇದೇ ಊರಿನ ಅರಸ! ಅದೂ ಸುಮಾರು 900 ವರ್ಷದ ಹಿಂದೆ.

ಅವನ ಹೆಸರು ಮೂರನೇ ಸೋಮೇಶ್ವರ. ಆರನೇ ವಿಕ್ರಮಾದಿತ್ಯನ ಮಗ. 1126ರಿಂದ 1138ರವರೆಗೆ ಆಳಿದ. ಅಪ್ಪ ಐವತ್ತು ವರ್ಷ ರಾಜ್ಯವಾಳಿ, ತನ್ನದೇ ಹೆಸರಿನ ಶಕೆ ಶುರು ಮಾಡಿ, ಬಿಲ್ಹಣನಂಥ ಕವಿಯಿಂದ ತನ್ನ ಮೇಲೆ ಕಾವ್ಯ ಬರೆಸಿಕೊಂಡವನು. ಮಗನಿಗೆ ಯುದ್ಧಕ್ಕಿಂತ ಪುಸ್ತಕದ ಹುಚ್ಚು ಜಾಸ್ತಿ ಇತ್ತು ಅನ್ಸುತ್ತೆ. ಪಟ್ಟಕ್ಕೆ ಬಂದ ಮೂರು ವರ್ಷಕ್ಕೆ, ಅಂದ್ರೆ 1129ರ ಹೊತ್ತಿಗೆ, 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಅಂತ ಇನ್ನೊಂದು ಹೆಸರೂ ಉಂಟು. ಐದು ಭಾಗ, ಭಾಗಕ್ಕೆ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ 1925ರಿಂದ 1961ರೊಳಗೆ ಮೂರು ಸಂಪುಟಗಳಾಗಿ ಅಚ್ಚಾಯ್ತು.

ಇಂಟರ್ನೆಟ್ಟಿನಲ್ಲಿ ಈ ಪುಸ್ತಕದ ಬಗ್ಗೆ ಹುಡುಕಿ ನೋಡಿ, ಸಿಗೋದು ಬರೀ ಇಡ್ಲಿ ದೋಸೆ! ಇಡ್ಡರಿಕಾ, ಧೋಸಕ ಅನ್ನೋ ತಿಂಡಿಗಳ ಹೆಸರು ಇದರಲ್ಲಿ ಬರುತ್ತೆ ಅನ್ನೋದು ನಿಜ. ಆದ್ರೆ ನೂರು ಅಧ್ಯಾಯದ ಪುಸ್ತಕವನ್ನ ನಾವು ಹೋಟೆಲ್ ಮೆನು ಮಾಡಿಬಿಟ್ಟಿದ್ದೀವಿ. ನನಗೆ ಇಷ್ಟವಾದದ್ದು ಬೇರೆ ಎರಡು ಕಡೆ. ಮೂರನೇ ಭಾಗದಲ್ಲಿ ಅರಸನ ಸುಖಗಳ ಪಟ್ಟಿ ಇದೆ. ಮನೆ, ಸ್ನಾನ, ತಾಂಬೂಲ, ಬಟ್ಟೆ, ಊಟ, ಹಾಸಿಗೆ ಇವುಗಳ ಸಾಲಿನಲ್ಲೇ 'ಪುತ್ರೋಪಭೋಗ', ಅಂದ್ರೆ ಮಕ್ಕಳಿಂದ ಸಿಗೋ ಸುಖ, ಅಂತ ಒಂದು ಅಧ್ಯಾಯ! ಮಗಳನ್ನ ಹೆಗಲ ಮೇಲೆ ಹೊತ್ತು ತಿರುಗಿದವರಿಗೆ ಇದು ಸರಿಯಾಗಿ ಅರ್ಥ ಆಗುತ್ತೆ.

ಇನ್ನೊಂದು ಕೊನೆಯ ಭಾಗ, ಕ್ರೀಡಾವಿಂಶತಿ. ಗುಡ್ಡಕ್ಕೆ ಹೋಗಿ ಆಡೋದು ಭೂಧರಕ್ರೀಡೆ. ತೋಪಿನಲ್ಲಿ ಆಡೋದು ವನಕ್ರೀಡೆ. ಉಯ್ಯಾಲೆ ಆಟ ಆಂದೋಲನಕ್ರೀಡೆ. ನೀರೆರಚಾಟ, ನೀರಿಗಿಳಿಯೋ ಆಟ, ಹಸಿರು ಹುಲ್ಲಿನ ಮೇಲಿನ ಆಟ, ಮರಳಿನ ಆಟ (ವಾಲುಕಾಕ್ರೀಡೆ), ಬೆಳದಿಂಗಳ ಆಟ, ಬೆಳೆ ನಿಂತ ಹೊಲದಲ್ಲಿ ಆಡೋ ಸಸ್ಯಕ್ರೀಡೆ, ಒಗಟು, ಚದುರಂಗ, ಪಗಡೆ... ಪಟ್ಟಿ ಓದ್ತಾ ಹೋದ್ರೆ ನಮ್ಮ ಟೋಕಿಯೋ ದಿನಗಳ ಡೈರಿ ಓದಿದ ಹಾಗೆ ಇದೆ. (ಮದ್ಯಪಾನಕ್ಕೂ ಒಂದು ಅಧ್ಯಾಯ ಇದೆ, ಅದನ್ನ ಇಲ್ಲಿಗೇ ಬಿಡೋಣ :-))

ಆದ್ರೆ ಇವೆಲ್ಲ ಅರಸನ ಆಟಗಳು. ಅಂತಃಪುರದ ಹೆಂಗಸರು, ಪರಿವಾರದವರು ಜೊತೆಗಿರ್ತಿದ್ರು. ಉಯ್ಯಾಲೆಗೆ ಹಗ್ಗ ಹೊಸೆದವನಿಗೆ ಆ ಉಯ್ಯಾಲೆಯಲ್ಲಿ ಕೂರೋ ಭಾಗ್ಯ ಇತ್ತೇ? ಪುಸ್ತಕ ಅದನ್ನ ಕೇಳೋದಿಲ್ಲ. ಅರಸ ಬರೆದ ಪುಸ್ತಕ ಯಾಕಾದ್ರೂ ಕೇಳೀತು!

ಹಗ್ಗ ಹೊಸೆಯೋನ ಹೆಸರು ಕಲ್ಯಾಣದಲ್ಲಿ ಕೇಳೋದು ಒಂದು ತಲೆಮಾರಿನ ನಂತರ. ಸೋಮೇಶ್ವರ ತೀರಿಕೊಂಡು ಮೂವತ್ತು ವರ್ಷ ತುಂಬೋದರೊಳಗೆ ಚಾಲುಕ್ಯರ ಸಿಂಹಾಸನ ಕಳಚೂರಿ ಬಿಜ್ಜಳನ ಕೈಗೆ ಹೋಗಿ, ಬಸವಣ್ಣನವರ ಕಲ್ಯಾಣ ಕಟ್ಟಿ, ಮುರಿದೂ ಆಗಿತ್ತು. ಆ ಕಲ್ಯಾಣದಲ್ಲಿ ಹೆಸರಿನ ಹಿಂದೆ ಕೆಲಸ ಬಂತು ನೋಡಿ. ಹುಲ್ಲಿನ ಹಗ್ಗ ಹೊಸೆಯೋ ನುಲಿಯ ಚಂದಯ್ಯ, ದೋಣಿ ನಡೆಸೋ ಅಂಬಿಗರ ಚೌಡಯ್ಯ, ದನ ಕಾಯೋ ತುರುಗಾಹಿ ರಾಮಣ್ಣ, ಅಕ್ಕಿ ಆಯೋ ಮಾರಯ್ಯ-ಲಕ್ಕಮ್ಮ. ಮಾನಸೋಲ್ಲಾಸದಲ್ಲಿ ಹೆಸರಿಲ್ಲದೆ ಹಿಂದೆ ನಿಂತಿದ್ದ ಜನ ಎಲ್ಲ ಇಲ್ಲಿ ಮುಂದೆ ಬಂದು ಮಾತಾಡ್ತಾರೆ. ಚಂದಯ್ಯನ ಗವಿ ಅಂತ ಇವತ್ತಿಗೂ ಬಸವಕಲ್ಯಾಣದಲ್ಲಿ ತೋರಿಸ್ತಾರೆ.

ಆದ್ರೂ ಒಂದು ಮಾತು. ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನ ಕೊಟ್ಟ ಆ ಕಲ್ಯಾಣದಲ್ಲಿ ಬಿಡುವಿನ ಸುದ್ದಿ ಕಮ್ಮಿ. ಚಂದಯ್ಯನ ಕಥೆಯಲ್ಲಿ ಲಿಂಗ ಜಾರಿ ಬಿದ್ದರೂ ಅವನು ಹುಲ್ಲು ಕೊಯ್ಯೋದು ನಿಲ್ಲಿಸೋದಿಲ್ಲ. ಲಕ್ಕಮ್ಮನ ಕಥೆಯಲ್ಲಿ ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ್ರೆ ಅವಳು ವಾಪಸ್ ಕಳಿಸ್ತಾಳೆ. ಇವರ ಮನೆ ಮಕ್ಕಳು ಸಂಜೆ ಎಲ್ಲಿ ಆಡ್ತಿದ್ರು? ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಿಂತಾಗ ನನಗೆ ಬರೋ ಯೋಚನೆ ಇದೇ.

ಅರಸರ ಆಟ ಜನರ ಆಟ ಆಗೋದು ಹೇಗೆ ಅನ್ನೋದಕ್ಕೆ ಜಪಾನಿನ ಉದಾಹರಣೆ ನನಗೆ ಹತ್ತಿರದ್ದು. ಅಲ್ಲಿ ವಸಂತದಲ್ಲಿ ಸಕುರಾ ಹೂ ಅರಳಿದಾಗ ಮರದಡಿ ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂರೋದಕ್ಕೆ ಹನಾಮಿ ಅಂತಾರೆ. ನಾವೂ ಪುಟ್ಟಿ ಕೈಗೆ ಚಪಾತಿ ಸುರುಳಿ ಕೊಟ್ಟು ಹನಾಮಿ ಮಾಡಿದ್ದೀವಿ. ಶುರುವಿನಲ್ಲಿ ಇದೂ ಅರಮನೆ ಆಟವೇ. ಸಾಗ ಅನ್ನೋ ಚಕ್ರವರ್ತಿ 812ರಲ್ಲಿ ಕ್ಯೋತೋದಲ್ಲಿ ಹೂವಿನ ಔತಣ ಮಾಡಿದ ದಾಖಲೆ ಇದೆ. ಹಿದೆಯೋಶಿ ಅನ್ನೋ ಸೇನಾಧಿಪತಿ 1598ರಲ್ಲಿ ದೈಗೋ ದೇವಾಲಯದಲ್ಲಿ ಮಾಡಿದ ಹನಾಮಿ ಅದ್ದೂರಿತನಕ್ಕೇ ಹೆಸರಾಯ್ತು. ಆಮೇಲೆ 1720ರ ಆಸುಪಾಸಿನಲ್ಲಿ ಯೋಶಿಮುನೆ ಅನ್ನೋ ಶೋಗುನ್, ಇವತ್ತಿನ ಟೋಕಿಯೋದ ಅಸುಕಾಯಾಮಾ ಗುಡ್ಡದ ಮೇಲೆ ಸಾವಿರಕ್ಕೂ ಹೆಚ್ಚು ಸಕುರಾ ಸಸಿ ನೆಡಿಸಿದ. 1737ರಲ್ಲಿ ಅದನ್ನ ಸಾಮಾನ್ಯ ಜನರಿಗೆ ಬಿಟ್ಟುಕೊಟ್ಟ. ಸೋಮೇಶ್ವರನ ಭೂಧರಕ್ರೀಡೆ ಮತ್ತು ವನಕ್ರೀಡೆ ಎರಡೂ ಒಂದೇ ಗುಡ್ಡದ ಮೇಲೆ, ಯಾರು ಬೇಕಾದ್ರೂ ಬನ್ನಿ ಅಂದ ಹಾಗೆ!

ಮಕ್ಕಳ ಪಾರ್ಕಿನ ಕಥೆ ಇನ್ನೂ ಚೆನ್ನಾಗಿದೆ. 1956ರಲ್ಲಿ ಜಪಾನ್ ಸರ್ಕಾರ ನಗರ ಉದ್ಯಾನಗಳಿಗೊಂದು ಕಾನೂನು ಮಾಡ್ತು. ಮಕ್ಕಳ ಉದ್ಯಾನ ಅಂದ್ಮೇಲೆ ಜೋಕಾಲಿ, ಜಾರುಬಂಡಿ, ಮರಳಿನ ಗುಂಡಿ ಈ ಮೂರು ಇರಲೇಬೇಕು ಅಂತ ಅದರ ನಿಯಮ. 1993ರಲ್ಲಿ ಆ ಕಡ್ಡಾಯ ತೆಗೆದರು, ಆದ್ರೆ ಅಷ್ಟರಲ್ಲಿ ಓಣಿ ಓಣಿಗೂ ಅವು ಬಂದಾಗಿತ್ತು. ನಮ್ಮ ಪುಟ್ಟಿ ಬಕೆಟ್ಟು ಹಿಡ್ಕೊಂಡು ಕೂತಿದ್ದ ಮರಳಿನ ಗುಂಡಿಯ ಹಿಂದೆ ಒಂದು ಕಾನೂನು ಇತ್ತು ಅಂತ ಗೊತ್ತಾದಾಗ ನನಗೆ ಆಶ್ಚರ್ಯ. ಆಂದೋಲನ ಮತ್ತು ವಾಲುಕಾಕ್ರೀಡೆ, ಸರ್ಕಾರಿ ಆದೇಶದ ಮೇಲೆ!

ಅದೇ 1956ರಲ್ಲಿ ನಮ್ಮ ಕಡೆ ಏನಾಗ್ತಿತ್ತು? ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರ್ತು. ಕಲ್ಯಾಣಿ ಅನ್ನಿಸಿಕೊಳ್ತಿದ್ದ ಊರು ಬಸವಕಲ್ಯಾಣ ಆಯ್ತು. ಅದಕ್ಕೂ ಮೊದಲಿನ ಕಾಲದ ರಜೆಯ ಸುದ್ದಿ ನನಗೆ ಗೊತ್ತಾದದ್ದು ನಮ್ಮ ಮುತ್ಯಾನಿಂದ. ಅವರು ಓದಿದ್ದು ನಿಜಾಮನ ಕಾಲದ ಉರ್ದು ಸಾಲಿಯಲ್ಲಿ. ನಾನು ಚಿಕ್ಕವನಿದ್ದಾಗ ಒಂದು ಐತಾರ, "ನಮಗ ಐತಾರ ಸೂಟಿ ಎಲ್ಲಿತ್ತಪಾ, ಜುಮ್ಮಾದ ದಿನ ಸೂಟಿ ಇರ್ತಿತ್ತು" ಅಂದಿದ್ರು. ನಾನು ನಂಬಿರಲಿಲ್ಲ. ಹೌದು, ನಿಜಾಮನ ರಾಜ್ಯದಲ್ಲಿ ಕಚೇರಿ, ಶಾಲೆಗಳ ವಾರದ ರಜೆ ಶುಕ್ರವಾರ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಅದು ಭಾನುವಾರಕ್ಕೆ ಬಂತು. ಜಪಾನಿನಲ್ಲೂ ಹೀಗೇ, ಮೊದಲು ತಿಂಗಳಲ್ಲಿ ಒಂದು, ಆರು ಅಂಕೆ ಬರೋ ದಿನಗಳು ಸರ್ಕಾರಿ ರಜೆ. ಭಾನುವಾರದ ರಜೆ ಬಂದದ್ದು 1876ರಲ್ಲಿ. ಬೊಂಬಾಯಿಯ ಗಿರಣಿ ಕೂಲಿಗಳಿಗಂತೂ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಭಾನುವಾರ ಸಿಕ್ತು. ಕ್ಯಾಲೆಂಡರಿನಲ್ಲಿ ಕೆಂಪಗೆ ಕಾಣೋ ಆ ಅಂಕೆ ತಾನಾಗೇ ಅಲ್ಲಿ ಬಂದು ಕೂತದ್ದಲ್ಲ.

ಆದ್ರೆ ಹೊಲದಲ್ಲಿ ದುಡಿಯೋರಿಗೆ ಶುಕ್ರವಾರವಾದ್ರೂ ಅಷ್ಟೇ, ಭಾನುವಾರವಾದ್ರೂ ಅಷ್ಟೇ. ಹಾಗಾದ್ರೆ ಅವರ ಮನೆ ಮಕ್ಕಳ ಹೊರಸಂಚಾರ ಯಾವಾಗ? ಬೀದರ, ಕಲಬುರಗಿ ಕಡೆಯವರನ್ನ ಯಾರನ್ನಾದ್ರೂ ಕೇಳಿ, ಯೋಚನೆ ಮಾಡದೆ ಹೇಳ್ತಾರೆ. ಎಳ್ಳಮಾಸಿ!

ಬೆಂಗಳೂರು, ಮೈಸೂರಿನ ಗೆಳೆಯರಿಗೆ ಎಳ್ಳಮಾವಾಸ್ಯೆ ಅಂದ್ರೆ ಪಂಚಾಂಗದ ಒಂದು ಸಾಲು ಅಷ್ಟೇ. ನಮ್ಮಲ್ಲಿ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತೆ. ಡಿಸೆಂಬರ್ ಕೊನೆಯೋ ಜನವರಿ ಶುರುವೋ, ಜೋಳ ಎದೆಮಟ್ಟ ನಿಂತಿರುತ್ತೆ, ಕಡಲೆ ಕಾಯಿ ಕಟ್ಟಿರುತ್ತೆ. ಹಿಂದಿನ ರಾತ್ರಿಯಿಂದಲೇ ಅಡುಗೆ. ಹಸಿ ತೊಗರಿ, ಅವರೆ, ಕಡಲೆ, ಗಜ್ಜರಿ, ಬದನೆ, ಮೆಂತೆ ಪಲ್ಯ ಎಲ್ಲ ಕೂಡಿಸಿ ಮಾಡೋ ಭಜ್ಜಿ (ಎಣ್ಣೆಯಲ್ಲಿ ಕರಿಯೋ ಭಜಿ ಅಲ್ಲ, ಇದು ಬೇರೆ!), ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಮಡಕೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಮೊದಲೆಲ್ಲ ಎತ್ತಿನ ಬಂಡಿ, ಈಗ ಟ್ರ್ಯಾಕ್ಟರು, ಆಟೋ, ಬೈಕು. ಹೊಲದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ. ಆಮೇಲೆ ಬೆಳೆ ನಡುವೆ ಓಡಾಡ್ತಾ ಚರಗ ಚೆಲ್ಲೋದು, ಅಂದ್ರೆ ಭೂಮಿತಾಯಿಗೆ ಉಣ್ಣಿಸೋದು. ಮಕ್ಕಳು ಹಿಂದೆ ಹಿಂದೆ ಕೂಗ್ತಾ ಓಡ್ತಾವೆ. ಆಮೇಲೆ ಮರದಡಿ ಊಟ, ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ, ಸುಲಗಾಯಿ ಕಿತ್ತು ತಿನ್ನೋದು.

ಹೊಲ ಇಲ್ಲದವರು ಏನ್ಮಾಡ್ತಾರೆ ಅಂತೀರಾ? ಹೊಲ ಇದ್ದವರು ಅವರನ್ನ ಕರೀತಾರೆ. ದಾರಿಯಲ್ಲಿ ಹೋಗೋರನ್ನೂ ಬಿಡೋದಿಲ್ಲ, ಬಾ ಉಣ್ಣು ಅಂತಾರೆ. ಹುಮನಾಬಾದಿನಲ್ಲಿ ನಮ್ಮ ನೆರೆಮನೆ ಮುಸಲ್ಮಾನರು ಪ್ರತಿವರ್ಷ ನಮ್ಮ ಹೊಲಕ್ಕೆ ಬರ್ತಿದ್ರು. ಅವರ ಮನೆ ಅಜ್ಜಿಗೆ ನಮ್ಮ ಆಯಿ ಮಾಡೋ ಅಂಬಲಿಯೇ ಆಗಬೇಕಿತ್ತು.

ಸೋಮೇಶ್ವರನ ಸಸ್ಯಕ್ರೀಡೆಯೇ ಇಳಿದು ಬಂದು ಎಳ್ಳಮಾಸಿ ಆಯ್ತು ಅಂತ ನಾನು ಹೇಳೋದಿಲ್ಲ. ನನಗನ್ಸೋದು ಉಲ್ಟಾ. ಹೊಲದಲ್ಲಿ ಕೂತು ಹಸಿ ಕಾಳು ತಿನ್ನೋ ಸುಖ ರೈತರ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಅರಸ ಅದನ್ನ ನೋಡಿ ಆಸೆಪಟ್ಟು ತನ್ನ ಪಟ್ಟಿಗೆ ಸೇರಿಸಿಕೊಂಡಿರಬೇಕು.

ಹೋದ ಸಲ ಎಳ್ಳಮಾಸಿಗೆ ಪುಟ್ಟಿಯನ್ನ ಕರ್ಕೊಂಡು ಹೋಗಿದ್ವಿ. ಕಪ್ಪು ಮಣ್ಣು ಕಾಲಿಗೆ ಮೆತ್ತಿಕೊಂಡಾಗ ಮೊದಲು ಮುಖ ಸಿಂಡರಿಸಿದ್ಲು. ಅರ್ಧ ಗಂಟೆಯಲ್ಲಿ ಸೋದರಸಂಬಂಧಿ ಮಕ್ಕಳ ಜೊತೆ ಜೋಳದೊಳಗೆ ಮಾಯ. ಟೋಕಿಯೋದ ಪಾರ್ಕಿನಲ್ಲಿ ಅವಳ ಬಕೆಟ್ಟಿನ ಮೇಲೆ ಹೆಸರು ಬರೆದಿರಬೇಕಿತ್ತು, ಯಾರದ್ದು ಯಾವುದು ಅಂತ ಗೊತ್ತಾಗಲಿ ಅಂತ. ಇಲ್ಲಿ ಯಾರ ತಾಟಿನಲ್ಲಿ ಉಂಡ್ಲು ಅಂತ ಅವಳ ಅಮ್ಮನಿಗೂ ಗೊತ್ತಾಗಲಿಲ್ಲ.

ಆದ್ರೆ ಎಳ್ಳಮಾಸಿ ವರ್ಷಕ್ಕೆ ಒಂದೇ ದಿನ. ಹೊಲ ಮಾರಿ ಪಟ್ಟಣ ಸೇರಿದವರಿಗೆ, ಕೆಲಸ ಹುಡುಕಿಕೊಂಡು ಹೈದರಾಬಾದು, ಪುಣೆಗೆ ಹೋದವರಿಗೆ ಅದೂ ಇಲ್ಲ. ಅದಕ್ಕೇ ನನ್ನದೊಂದು ಆಸೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯ್ತಲ್ಲ, ಅದರ ಅಂಗಳದ ಒಂದು ಮೂಲೆಯಲ್ಲಿ ನಾಲ್ಕು ಜೋಕಾಲಿ, ಒಂದು ದೊಡ್ಡ ಮರಳಿನ ಗುಂಡಿ ಇಡಲಿ. ಟಿಕೀಟು ಬೇಡ, ಗೇಟು ಬೇಡ. ಜೋಕಾಲಿಗೆ ನುಲಿಯ ಚಂದಯ್ಯನ ಹೆಸರಿಟ್ಟರೆ ಇನ್ನೂ ಸಂತೋಷ.

ಅಲ್ಲಿಯವರೆಗೆ ಸಣ್ಣ ಮಕ್ಕಳಿರೋರಿಗೆ ನನ್ನ ಸಲಹೆ ಇಷ್ಟು. ಕೋಟೆಗೆ ಬೆಳಿಗ್ಗೆ ಬಿಸಿಲೇರೋ ಮೊದಲೇ ಹೋಗಿ. ಮಕ್ಕಳಿಗೆ ಅಲ್ಲಿ ರಾಜರ ಹೆಸರು ಬೇಡ, ತೋಪು ತೋರಿಸಿ, ಮೆಟ್ಟಿಲು ಹತ್ತಿಸಿ, ಸಾಕು. ಮಾಣಿಕನಗರ ದಾರಿಯಲ್ಲೇ ಸಿಗುತ್ತೆ. ಸಮಯ ಇದ್ರೆ ಹುಮನಾಬಾದ್ ತಾಲೂಕಿನ ಜಲಸಂಗಿಗೆ ಹೋಗೋದನ್ನ ತಪ್ಪಿಸಬೇಡಿ. ವಿಕ್ರಮಾದಿತ್ಯನ ಕಾಲದ ಗುಡಿ, ಹೊರಗೋಡೆ ತುಂಬ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೀತಿದ್ದಾಳೆ. ಬರೀತಿರೋದು ವಿಕ್ರಮಾದಿತ್ಯನ ಹೊಗಳಿಕೆ, ಸಂಸ್ಕೃತದಲ್ಲಿ. ನಾನು ಅದನ್ನೆಲ್ಲ ವಿವರಿಸೋಕೆ ಬಾಯಿ ತೆಗೀತಿದ್ದೆ. ಪುಟ್ಟಿ ಒಂದು ನಿಮಿಷ ನೋಡಿ, "ಅಪ್ಪಾ, ಇವಳಿಗೆ ಇವತ್ತೂ ಹೋಂವರ್ಕಾ?" ಅಂದ್ಲು.