ಎಣಿಕೆಯೂ ನಂಬಿಕೆಯೂ: ಭಾರತದ ಚುನಾವಣಾ ನಿರ್ವಹಣೆಯ ಮುಕ್ಕಾಲು ಶತಮಾನ

ಚುನಾವಣೆಯೊಂದು ನ್ಯಾಯವಾಗಿ ನಡೆಯಿತೆಂಬುದಕ್ಕೆ ಗೆದ್ದವನ ಸಾಕ್ಷ್ಯದಿಂದ ಪ್ರಯೋಜನವಿಲ್ಲ. ಗೆಲವು ತನ್ನ ಮೂಲವನ್ನು ತಾನು ವಿಚಾರಿಸಿಕೊಳ್ಳುವುದು ಅಪರೂಪ. ಸೋತವನು, ಮನಸ್ಸಿನಲ್ಲಿ ಎಷ್ಟೇ ಕಹಿಯಿದ್ದರೂ, ಲೆಕ್ಕ ಸರಿಯಾಗಿದೆಯೆಂದು ಒಪ್ಪಿ ಮನೆಗೆ ಹಿಂದಿರುಗುವನೋ ಇಲ್ಲವೋ ಎಂಬುದೇ ಯಾವ ಚುನಾವಣಾ ವ್ಯವಸ್ಥೆಗಾದರೂ ನಿಜವಾದ ನಿಕಷ. ಈ ನಿಕಷವನ್ನು ಕೈಯಲ್ಲಿ ಹಿಡಿದು ಗಣರಾಜ್ಯದ ಮೊದಲ ಮಹಾಚುನಾವಣೆಯಿಂದ ಈಚಿನವರೆಗಿನ ಚರಿತ್ರೆಯನ್ನು ಅವಲೋಕಿಸಿದರೆ ಒಂದು ವಿಚಿತ್ರವಾದ ಗತಿ ಗೋಚರಿಸುತ್ತದೆ: ಒಂದು ಅವಿಶ್ವಾಸವನ್ನು ಕಳೆಯಲೆಂದು ತಂದ ಪರಿಹಾರವೇ ಮುಂದಿನ ಅವಿಶ್ವಾಸಕ್ಕೆ ಆಸ್ಪದವಾಗುತ್ತ ಬಂದಿದೆ, ಅದರೊಡನೆ, ಲೆಕ್ಕದ ಪ್ರಮಾಣವು ಸಾಮಾನ್ಯ ಪ್ರಜೆಯ ಕಣ್ಣಿನಿಂದ ತಜ್ಞನ ಮಾತಿನ ಕಡೆಗೆ ಮೆಲ್ಲಮೆಲ್ಲನೆ ಸರಿದಿದೆ.

ಚುನಾವಣಾ ಆಯೋಗವು ಸ್ಥಾಪಿತವಾದದ್ದು 1950ರ ಜನವರಿ 25ರಂದು. ಅದೇ ವರ್ಷದ ಮಾರ್ಚಿಯಲ್ಲಿ ಮೊದಲ ಮುಖ್ಯ ಆಯುಕ್ತರಾಗಿ ಬಂದ ಸುಕುಮಾರ ಸೇನರು ಗಣಿತವನ್ನು ಅಭ್ಯಸಿಸಿದ್ದ ಐ.ಸಿ.ಎಸ್. ಅಧಿಕಾರಿಗಳು. 17 ಕೋಟಿಗೂ ಮಿಕ್ಕ ಮತದಾರರು, ಅವರಲ್ಲಿ ನೂರಕ್ಕೆ ಹೆಚ್ಚುಕಡಿಮೆ 85 ಮಂದಿ ಅಕ್ಷರವರಿಯದವರು, ಸುಮಾರು ಎರಡು ಲಕ್ಷ ಮತಗಟ್ಟೆಗಳು: ಇಂಥ ಸನ್ನಿವೇಶದಲ್ಲಿ ಅವರು ಕಂಡುಕೊಂಡ ಉಪಾಯವು ಸರಳವಾಗಿತ್ತು. ಅಭ್ಯರ್ಥಿಯೊಬ್ಬನಿಗೆ ಒಂದರಂತೆ ಬೇರೆ ಬೇರೆ ಪೆಟ್ಟಿಗೆಗಳನ್ನಿರಿಸಿ, ಅವುಗಳ ಮೇಲೆ ಜೋಡೆತ್ತು, ಗುಡಿಸಲು, ದೀಪ ಮೊದಲಾದ ಚಿಹ್ನೆಗಳನ್ನು ಅಂಟಿಸಿ, ಮತದಾರನು ಯಾವ ಗುರುತನ್ನೂ ಹಾಕಬೇಕಾದ ಅಗತ್ಯವಿಲ್ಲದೆ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಯೊಳಕ್ಕೆ ಹಾಕಿಬಿಡುವಂತೆ ಏರ್ಪಡಿಸಲಾಯಿತು. ಓದುಬಾರದವನ ದೃಷ್ಟಿಯಿಂದ ಇದಕ್ಕಿಂತ ಪಾರದರ್ಶಕವಾದ ಪದ್ಧತಿಯನ್ನು ಊಹಿಸುವುದು ಕಷ್ಟ. ಆದರೆ ಚೀಟಿಯ ಮೇಲೆ ಗುರುತಿಲ್ಲದಿದ್ದುದರಿಂದ ಅದನ್ನು ಪೆಟ್ಟಿಗೆಗೆ ಹಾಕದೆ ಜೇಬಿಗಿಳಿಸಿ ಹೊರಗೆ ತಂದು ಮಾರಿಕೊಳ್ಳುವುದಕ್ಕೂ ಅವಕಾಶವಿತ್ತು. ಯಾರ ಚೀಟಿ ಯಾರ ಪೆಟ್ಟಿಗೆಯದೆಂಬುದಕ್ಕೆ ಪೆಟ್ಟಿಗೆಯ ಹೊರತು ಬೇರೆ ಸಾಕ್ಷಿಯೂ ಇರಲಿಲ್ಲ. 1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಅಭ್ಯರ್ಥಿಗಳ ಹೆಸರು ಚಿಹ್ನೆಗಳನ್ನು ಒಂದೇ ಮತಪತ್ರದಲ್ಲಿ ಮುದ್ರಿಸಿ ಮುದ್ರೆಯೊತ್ತಿಸುವ ಪದ್ಧತಿ ನೆಲೆಗೊಂಡಿತು.

ಸೇನರ ಕಾಲದ ಇನ್ನೊಂದು ಪ್ರಸಂಗವು ಎಣಿಕೆಗೆ ಸಂಬಂಧಿಸಿದ್ದಲ್ಲ, ಪಟ್ಟಿಗೆ ಸಂಬಂಧಿಸಿದ್ದು. ಉತ್ತರ ಭಾರತದ ಅನೇಕ ಕಡೆ ಹೆಂಗಸರು ತಮ್ಮ ಸ್ವಂತ ಹೆಸರನ್ನು ಹೇಳದೆ, ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಯಿಸಿದರು. ಸೇನರು ಆ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ನಿಯಮದ ದೃಷ್ಟಿಯಿಂದ ಇದು ನಿರ್ದೋಷವಾದ ಕಾರ್ಯವೆಂದು ಹೊಗಳಿದವರುಂಟು, ಮತ್ತು ಮುಂದಿನ ಚುನಾವಣೆಗೆ ಹೆಸರು ಹೇಳುವ ಧೈರ್ಯವನ್ನು ಅದು ತಂದಿತೆಂಬುದೂ ಸುಳ್ಳಲ್ಲವೇನೋ. ಆದರೂ ಮೊದಲ ಮಹಾಚುನಾವಣೆಯ ಯಶಸ್ಸನ್ನು ಕೊಂಡಾಡುವಾಗ ಈ ಸಂಖ್ಯೆಯನ್ನು ಅಡಿಟಿಪ್ಪಣಿಯಾಗಿ ತಳ್ಳಿಬಿಡುವುದು ನನಗೆ ಸರಿತೋರದು.

ಒಬ್ಬನೇ ಎರಡು ಬಾರಿ ಮತ ಹಾಕಬಾರದೆಂಬ ಸಮಸ್ಯೆಗೆ ದೊರೆತ ಉತ್ತರದಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರವನ್ನನುಸರಿಸಿ ಅಳಿಸಲಾಗದ ಶಾಯಿಯನ್ನು ತಯಾರಿಸುವ ಕಾರ್ಯವು, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ್ದ ಅರಗು ಮತ್ತು ಬಣ್ಣದ ಕಾರ್ಖಾನೆಗೆ ಒಪ್ಪಿಸಲ್ಪಟ್ಟಿತು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಈಗಿನ ಹೆಸರಿನ ಆ ಸಂಸ್ಥೆಯೇ 1962ರಿಂದ ದೇಶದ ಮತದಾರರ ಬೆರಳಿಗೆ ಶಾಯಿಯನ್ನು ಒದಗಿಸುತ್ತ ಬಂದಿದೆ, ಹೊರದೇಶಗಳಿಗೂ ಕಳುಹಿಸುತ್ತಿದೆ. ಬೆಳ್ಳಿಯ ಲವಣವು ಚರ್ಮದ ಉಪ್ಪಿನೊಡನೆ ಕೂಡಿ ಬೆಳಕಿಗೆ ಕಪ್ಪಾಗುವುದೆಂಬುದು ಅದರ ರಹಸ್ಯ. ನಮ್ಮ ಚುನಾವಣೆಯ ಉಪಕರಣಗಳಲ್ಲೆಲ್ಲ ಬಹುಶಃ ಇದೊಂದೇ, ತಜ್ಞನ ಮಧ್ಯಸ್ಥಿಕೆಯಿಲ್ಲದೆ ಯಾರು ಬೇಕಾದರೂ ಉಜ್ಜಿ ಪರೀಕ್ಷಿಸಬಹುದಾದದ್ದು.

ಕಾಗದದ ಕಾಲದ ಎಣಿಕೆಯನ್ನು ಕಂಡವರು ಅದರ ದೈರ್ಘ್ಯವನ್ನು ಮರೆಯಲಾರರು. ಮೇಜಿನ ಈಚೆ ಬದಿಯಲ್ಲಿ ಗುಮಾಸ್ತರು, ತಂತಿಬಲೆಯ ಆಚೆ ಪಕ್ಷಗಳ ಏಜೆಂಟರು. ಮತಪತ್ರಗಳನ್ನು ಬಿಡಿಸಿ, ಕಟ್ಟುಕಟ್ಟಾಗಿಸಿ, ಕುಲಗೆಟ್ಟ ಮತಗಳ ಮೇಲೆ ಜಗಳವಾಡಿ, ಸುತ್ತಿನ ಮೇಲೆ ಸುತ್ತು ಎಣಿಸಿ ಮುಗಿಸುವಷ್ಟರಲ್ಲಿ ಹಗಲು ರಾತ್ರಿಗಳು ಒಂದಾಗುತ್ತಿದ್ದವು. ಆದರೆ ಜಗಳಕ್ಕೆ ವಿಷಯವಾದ ಕಾಗದವು ಇಬ್ಬರ ಕಣ್ಣೆದುರಿನಲ್ಲಿಯೂ ಇರುತ್ತಿತ್ತು. ಹೀಗಿದ್ದೂ ಸಂಶಯ ಅಳಿದಿತ್ತೆಂದಲ್ಲ. 1971ರಲ್ಲಿ ದಕ್ಷಿಣ ದೆಹಲಿಯಲ್ಲಿ ಸೋತ ಬಲರಾಜ ಮಧೋಕರು, ಮತಪತ್ರಗಳಿಗೆ ರಾಸಾಯನಿಕ ಲೇಪನ ಮಾಡಿ ಮತದಾರನೊತ್ತಿದ ಮುದ್ರೆ ಮಾಯವಾಗಿ ಬೇರೊಂದು ಮುದ್ರೆ ಮೂಡುವಂತೆ ಸಂಚು ಹೂಡಲಾಗಿತ್ತೆಂದು ಆರೋಪಿಸಿದರು. ಇಂದು ನಗೆಬರಿಸುವ ಈ ಆರೋಪವನ್ನು ಸುಪ್ರೀಂ ಕೋರ್ಟು ನಕ್ಕು ತಳ್ಳಲಿಲ್ಲ; ಕೆಲವು ಮತಪತ್ರಗಳನ್ನು ಮಾದರಿಯಾಗಿ ಪರಿಶೀಲಿಸುವುದಕ್ಕೆ 1972ರಲ್ಲಿ ಅನುಮತಿಯಿತ್ತಿತು. ಆರೋಪ ಸಾಬೀತಾಗಲಿಲ್ಲ. ಅಸಂಭಾವ್ಯವಾದ ಶಂಕೆಯನ್ನೂ ಪರೀಕ್ಷೆಗೊಡ್ಡುವ ಸಂಯಮವು ಅಂದು ಇತ್ತೆಂಬುದು ಗಮನಾರ್ಹ.

ಕಾಗದದ ನಿಜವಾದ ಶತ್ರು ರಸಾಯನವಲ್ಲ, ಲಾಠಿ. ಬಿಹಾರದ ಬೇಗೂಸರಾಯ್ ಪ್ರಾಂತದಲ್ಲಿ 1957ರಲ್ಲಿಯೇ ಕಾಣಿಸಿಕೊಂಡಿತೆನ್ನಲಾದ ಮತಗಟ್ಟೆ ವಶಪಡಿಸಿಕೊಳ್ಳುವ ವಿದ್ಯೆಯು ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಒಂದು ಕಸಬಾಗಿಯೇ ಬೆಳೆದು, ಕಡೆಗೆ 1989ರಲ್ಲಿ ಕಾನೂನು ಅದನ್ನು ಪ್ರತ್ಯೇಕ ಅಪರಾಧವೆಂದು ನಿರೂಪಿಸಬೇಕಾಯಿತು. 1977ರಲ್ಲಿ ಪಂಜಾಬಿನ ಫಿರೋಜಪುರದಲ್ಲಿ ಎಣಿಕೆಯ ಸ್ಥಳದಲ್ಲಿಯೇ ದಾಂಧಲೆಯಾಗಿ ಮತಪತ್ರಗಳು ನಾಶವಾದಾಗ, ಆಯೋಗವು ಇಡೀ ಕ್ಷೇತ್ರಕ್ಕೆ ಮರುಮತದಾನವನ್ನು ಆಜ್ಞಾಪಿಸಿತು. ಆ ವ್ಯಾಜ್ಯದಲ್ಲಿಯೇ ಸಂವಿಧಾನದ 324ನೆಯ ವಿಧಿಯು ಆಯೋಗಕ್ಕಿತ್ತ ವಿಶಾಲವಾದ ಅಧಿಕಾರವು ನ್ಯಾಯಾಲಯದಿಂದ ವಿವರಿಸಲ್ಪಟ್ಟದ್ದು. ಆ ಅಧಿಕಾರವನ್ನು ನಿಜವಾಗಿ ಕೈಗೆತ್ತಿಕೊಂಡವರು 1990ರ ಡಿಸೆಂಬರಿನಿಂದ ಆರು ವರ್ಷ ಆಯುಕ್ತರಾಗಿದ್ದ ಟಿ.ಎನ್. ಶೇಷನ್ನರು. (ಅವರಿಗೆ ಮುನ್ನ ಕೆಲವೇ ದಿನ ಆ ಪೀಠದಲ್ಲಿದ್ದ ವಿ.ಎಸ್. ರಮಾದೇವಿಯವರು ಮುಂದೆ ನಮ್ಮ ರಾಜ್ಯಪಾಲರಾದರೆಂಬುದನ್ನು ಕನ್ನಡಿಗರು ಮರೆತಿರಬಹುದು.) ನೀತಿಸಂಹಿತೆಯ ಕಟ್ಟುನಿಟ್ಟು, ಭಾವಚಿತ್ರದ ಗುರುತಿನ ಚೀಟಿ, ಚುನಾವಣೆಗಳನ್ನು ಮುಂದೂಡಲೂ ಹಿಂಜರಿಯದ ಬಿಗುಮಾನ: ಇವುಗಳಿಂದ ಶೇಷನ್ನರು ಆಯೋಗಕ್ಕೆ ಗಳಿಸಿಕೊಟ್ಟ ಗೌರವದ ಬಡ್ಡಿಯಲ್ಲಿಯೇ ಅವರ ಉತ್ತರಾಧಿಕಾರಿಗಳು ಎರಡು ದಶಕ ಬಾಳಿದರೆಂದರೆ ಅತಿಶಯವಾಗದು.

ಯಂತ್ರದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಹೈದರಾಬಾದಿನ ಇಸಿಐಎಲ್ ಮತ್ತು ಬೆಂಗಳೂರಿನ ಬಿಇಎಲ್ ಸಂಸ್ಥೆಗಳ ಕೃತಿಯಾದ ವಿದ್ಯುನ್ಮಾನ ಮತಯಂತ್ರವು 1982ರ ಮೇ ತಿಂಗಳಲ್ಲಿ ಕೇರಳದ ಪರೂರ್ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಪ್ರಯೋಗವಾಯಿತು. ಸೋತ ಎ.ಸಿ. ಜೋಸರು ನ್ಯಾಯಾಲಯಕ್ಕೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಆ ಮತಗಟ್ಟೆಗಳ ಮತದಾನವನ್ನು ರದ್ದುಪಡಿಸಿತು. ಕಾಗದದಲ್ಲಿ ಮತ್ತೆ ಮತದಾನವಾದಾಗ ಜೋಸರೇ ಗೆದ್ದರು. 1989ರಲ್ಲಿ ಕಾನೂನು ತಿದ್ದುಪಡಿಯಾಗಿ, 1998ರಲ್ಲಿ ಮೂರು ರಾಜ್ಯಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ ಬಳಕೆಯಾಗಿ, 2004ರಲ್ಲಿ ಲೋಕಸಭೆಯ 543 ಕ್ಷೇತ್ರಗಳಿಗೂ ಯಂತ್ರವು ವ್ಯಾಪಿಸಿತು. ಅದೇ ವರ್ಷ, ಜಾಫರ್ ಷರೀಫರ ಆಯ್ಕೆಯನ್ನು ಮೈಕೇಲ್ ಫರ್ನಾಂಡಿಸರು ಪ್ರಶ್ನಿಸಿದ ವ್ಯಾಜ್ಯದಲ್ಲಿ ನಮ್ಮ ಹೈಕೋರ್ಟು ಯಂತ್ರವನ್ನು ದೇಶದ ಹೆಮ್ಮೆಯೆಂಬ ಅರ್ಥದಲ್ಲಿ ಪ್ರಶಂಸಿಸಿತು. ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಮತವನ್ನು ಸ್ವೀಕರಿಸದ ಈ ಯಂತ್ರವು ಮತಗಟ್ಟೆ ಲೂಟಿಯ ಕಸಬನ್ನು ಬಹುಮಟ್ಟಿಗೆ ನಷ್ಟದ ವ್ಯಾಪಾರವನ್ನಾಗಿ ಮಾಡಿತು, ಕುಲಗೆಟ್ಟ ಮತವನ್ನು ಇಲ್ಲವಾಗಿಸಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು 40,751 ಮತ ಪಡೆದು, 40,752 ಪಡೆದ ಧ್ರುವನಾರಾಯಣರೆದುರು ಸೋತಾಗ, ಆ ಒಂದು ಮತದ ಅಂತರವನ್ನು ನಾಡು ವಿಸ್ಮಯದಿಂದ ಸ್ವೀಕರಿಸಿತೇ ಹೊರತು ಶಂಕೆಯಿಂದಲ್ಲ.

ಆದರೆ ಯಂತ್ರದ ಎಣಿಕೆಯನ್ನು ನೋಡುವುದೆಂದರೆ ಅಂಕಿಯನ್ನು ನೋಡುವುದೇ ಹೊರತು ಎಣಿಸುವುದನ್ನು ನೋಡುವುದಲ್ಲ. ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರಲ್ಲಿ ಈ ಬಿಂದುವನ್ನೇ ಹಿಡಿದು, ವಿಶೇಷ ತಜ್ಞತೆಯಿಲ್ಲದ ಪ್ರಜೆಗೂ ಮತದಾನದ ಮುಖ್ಯ ಹಂತಗಳನ್ನು ಪರೀಕ್ಷಿಸಲು ಸಾಧ್ಯವಿರಬೇಕೆಂದು ಸಾರಿ, ಅಲ್ಲಿ ಬಳಸಿದ್ದ ಯಂತ್ರಗಳನ್ನು ಸಂವಿಧಾನಬಾಹಿರವೆಂದಿತು. ನಮ್ಮಲ್ಲಿ 2010ರಲ್ಲಿ ತಂತ್ರಜ್ಞ ಹರಿಪ್ರಸಾದ್ ಮತ್ತು ಅವರ ವಿದೇಶೀ ಸಹೋದ್ಯೋಗಿಗಳು ಯಂತ್ರವನ್ನು ಬಿಚ್ಚಿ ಅದರ ದೌರ್ಬಲ್ಯಗಳನ್ನು ಪ್ರದರ್ಶಿಸಿದಾಗ, ಆ ಯಂತ್ರ ಎಲ್ಲಿಂದ ಬಂತೆಂಬ ವಿಚಾರಣೆಯಲ್ಲಿ ಹರಿಪ್ರಸಾದರ ಬಂಧನವೂ ಆಯಿತು. ಮಧೋಕರ ಶಂಕೆಗೆ ದೊರೆತ ಉತ್ತರವನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ವ್ಯವಸ್ಥೆಯ ಮನೋಧರ್ಮದಲ್ಲಿ ಆದ ಪರಿವರ್ತನೆ ಸ್ಪಷ್ಟವಾದೀತು.

2013ರ ಅಕ್ಟೋಬರಿನಲ್ಲಿ ಸುಬ್ರಮಣಿಯನ್ ಸ್ವಾಮಿಯವರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಕಾಗದದ ಸಾಕ್ಷ್ಯ ಅನಿವಾರ್ಯವೆಂದು ನಿರ್ಣಯಿಸಿತು. ಅದಕ್ಕೆ ಒಂದು ತಿಂಗಳು ಮೊದಲೇ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಪ್ರಯೋಗವಾಗಿತ್ತು. ಏಳು ಸೆಕೆಂಡು ಗಾಜಿನ ಹಿಂದೆ ಬೆಳಗಿ ಪೆಟ್ಟಿಗೆಗೆ ಬೀಳುವ ಆ ಚೀಟಿಯು ಮತದಾರನಿಗೆ ಸಮಾಧಾನ ತಂದಿತು. ಅದನ್ನು ಎಷ್ಟರಮಟ್ಟಿಗೆ ಎಣಿಸಬೇಕೆಂಬುದು ಹೊಸ ವಿವಾದವಾಯಿತು. ಅರ್ಧದಷ್ಟು ಯಂತ್ರಗಳ ಚೀಟಿಗಳನ್ನೆಣಿಸಬೇಕೆಂದು ವಿರೋಧಪಕ್ಷಗಳು ಕೇಳಿದುದಕ್ಕೆ 2019ರ ಏಪ್ರಿಲಿನಲ್ಲಿ ನ್ಯಾಯಾಲಯ ಕೊಟ್ಟದ್ದು, ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು. 2024ರ ಏಪ್ರಿಲ್ 26ರಂದು ನ್ಯಾಯಮೂರ್ತಿಗಳಾದ ಸಂಜೀವ ಖನ್ನಾ ಮತ್ತು ದೀಪಂಕರ ದತ್ತಾ ಅವರು ನೂರಕ್ಕೆ ನೂರು ತಾಳೆಯ ಬೇಡಿಕೆಯನ್ನೂ ಕಾಗದಕ್ಕೆ ಮರಳುವ ಪ್ರಾರ್ಥನೆಯನ್ನೂ ನಿರಾಕರಿಸಿ, ಚಿಹ್ನೆ ತುಂಬುವ ಘಟಕಗಳನ್ನು 45 ದಿನ ಮುದ್ರೆಯೊತ್ತಿ ಕಾಪಿಡಬೇಕೆಂದೂ, ಎರಡನೆಯ ಮೂರನೆಯ ಸ್ಥಾನದ ಅಭ್ಯರ್ಥಿಗಳು ಕೇಳಿದಲ್ಲಿ ಶೇ. 5ರಷ್ಟು ಯಂತ್ರಗಳನ್ನು ಶುಲ್ಕ ಪಡೆದು ಪರಿಶೀಲಿಸಬೇಕೆಂದೂ ವಿಧಿಸಿದರು. ಗಣಿತದ ದೃಷ್ಟಿಯಿಂದ ಐದೈದು ಯಂತ್ರಗಳ ಮಾದರಿಯು ವ್ಯಾಪಕವಾದ ಮೋಸವನ್ನು ಹಿಡಿಯಲು ಸಾಕೆಂಬ ವಾದದಲ್ಲಿ ಸತ್ವವಿದೆ. ದೇಶದಾದ್ಯಂತ ಅದು ಇಪ್ಪತ್ತು ಸಾವಿರಕ್ಕೂ ಮಿಕ್ಕುತ್ತದೆ. ಆದರೆ ತನ್ನ ಕ್ಷೇತ್ರದಲ್ಲಿ ಕೂದಲೆಳೆಯಿಂದ ಸೋತವನಿಗೆ ದೇಶದ ಸರಾಸರಿಯಿಂದ ಸಮಾಧಾನವಾಗದು. ಆಯೋಗದ ವಾದವು ಬಹುಪಾಲು ಸರಿಯೆಂದೇ ನಾನು ಎಣಿಸುತ್ತೇನೆ. ಪ್ರಶ್ನೆಯನ್ನು ಅಪಮಾನವೆಂದು ಭಾವಿಸುವ ಅದರ ಧೋರಣೆಯನ್ನು ಒಪ್ಪಲಾರೆ.

ಏಕೆಂದರೆ ಸಂಶಯದ ಕೇಂದ್ರವು ಈಗ ಯಂತ್ರದಿಂದ ಬೇರೆಡೆಗೆ ಸರಿದಿದೆ. ಮತದಾನ ಮುಗಿದೊಡನೆ ಮತಗಟ್ಟೆಯ ಅಧಿಕಾರಿಯು ಚಲಾಯಿತ ಮತಗಳ ಲೆಕ್ಕವನ್ನು ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡತಕ್ಕದ್ದು. ಎಣಿಕೆಯ ದಿನ ಯಂತ್ರದ ಮೊತ್ತವು ಅದಕ್ಕೆ ತಾಳೆಯಾಗತಕ್ಕದ್ದು. ಯಾವ ತಜ್ಞನೂ ಬೇಡದ, ಕೂಡುವ ಕಳೆಯುವ ಲೆಕ್ಕವಷ್ಟೇ ಬೇಕಾದ ಈ ಒಂದು ಹಾಳೆಯನ್ನು, 2024ರಲ್ಲಿ ಮೊದಲ ಹಂತದ ಅಂತಿಮ ಶೇಕಡಾವಾರು ಹನ್ನೊಂದು ದಿನ ತಡವಾಗಿ ಹೊರಬಂದಾಗಲೂ, ಸಾರ್ವಜನಿಕವಾಗಿ ಪ್ರಕಟಿಸಲು ಆಯೋಗವು ಒಪ್ಪಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಚುನಾವಣಾ ನಿಯಮಾವಳಿಯ 93ನೆಯ ನಿಯಮವನ್ನು ತಿದ್ದಿ ಕ್ಯಾಮೆರಾ ದಾಖಲೆಗಳ ಸಾರ್ವಜನಿಕ ಪರಿಶೀಲನೆಗೆ ತಡೆಹಾಕಲಾಯಿತು. ಅಂಥ ದಾಖಲೆ ಏನಕ್ಕೆ ಬೇಕೆಂಬುದಕ್ಕೆ ಮಾಲೂರಿನ ವ್ಯಾಜ್ಯ ಉತ್ತರ: 2023ರಲ್ಲಿ 248 ಮತಗಳಿಂದ ನಿರ್ಣಯವಾದ ಆ ಆಯ್ಕೆಯನ್ನು, ಎಣಿಕೆಯ ವೀಡಿಯೊ ದಾಖಲೆ ಹಾಜರಾಗದಿದ್ದುದನ್ನೂ ಗಮನಿಸಿ 2025ರಲ್ಲಿ ಹೈಕೋರ್ಟು ಅಸಿಂಧುವೆಂದಿತು, ಸುಪ್ರೀಂ ಕೋರ್ಟು ಆ ರದ್ದತಿಗೆ ತಡೆಯಿತ್ತು, ಮರುಎಣಿಕೆಗೆ ಮಾತ್ರ ಸಮ್ಮತಿಸಿತು.

ಪಟ್ಟಿಯ ವಿಷಯವಂತೂ ಇನ್ನೂ ಗಹನ. 2023ರಲ್ಲಿ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು ಬಂದ 6,018 ಅರ್ಜಿಗಳಲ್ಲಿ ನಿಜವಾದವು 24 ಮಾತ್ರವೆಂದು ಪರಿಶೀಲನೆಯಿಂದ ತಿಳಿದುಬಂತು. 2025ರ ಬಿಹಾರ ವಿಶೇಷ ಪರಿಷ್ಕರಣೆಯಲ್ಲಿ ಕರಡುಪಟ್ಟಿಯಿಂದ 65 ಲಕ್ಷ ಹೆಸರುಗಳು ಬಿದ್ದುಹೋದಾಗ, ಅವು ಯಾರವು, ಏಕೆ ಬಿದ್ದವು ಎಂಬುದನ್ನು ಪ್ರಕಟಿಸಲು ಸುಪ್ರೀಂ ಕೋರ್ಟಿನ ಆಜ್ಞೆಯೇ ಬೇಕಾಯಿತು. ಆಯುಕ್ತರ ನೇಮಕದ ಸಮಿತಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳಿರಬೇಕೆಂದು 2023ರ ಮಾರ್ಚಿಯಲ್ಲಿ ಹೊರಟ ತೀರ್ಪನ್ನು, ಅದೇ ವರ್ಷದ ಡಿಸೆಂಬರಿನ ಕಾಯಿದೆಯು ಅವರ ಸ್ಥಾನದಲ್ಲಿ ಕೇಂದ್ರಮಂತ್ರಿಯೊಬ್ಬರನ್ನು ಕೂರಿಸಿ ಬದಿಗೊತ್ತಿತು. ಆಯೋಗದ ಮೇಲೆ ಬಹಳ ನಂಬಿಕೆಯುಂಟೆಂದವರ ಪ್ರಮಾಣವು ಲೋಕನೀತಿ ಸಂಸ್ಥೆಯ ಸಮೀಕ್ಷೆಯಲ್ಲಿ 2019ರ ಶೇ. 51ರಿಂದ 2024ಕ್ಕೆ ಶೇ. 28ಕ್ಕೆ ಇಳಿದುದು ಇವೆಲ್ಲದರ ನಡುವೆ.

2025ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಮತಪತ್ರದಿಂದಲೇ ನಡೆಸಬೇಕೆಂದು ಶಿಫಾರಸು ಮಾಡಿತು. ಕಾಗದ ಬಂದರೆ ಎಣಿಕೆ ಮತ್ತೆ ಕಣ್ಣಿಗೆ ಕಾಣುವುದು ದಿಟ. ಆದರೆ 2023ರಲ್ಲಿ ಜಯನಗರದಲ್ಲಿ ಮೊದಲು ಮುಂದಿದ್ದ ಅಭ್ಯರ್ಥಿಯು ಮರುಎಣಿಕೆಯ ತರುವಾಯ ನಡುರಾತ್ರಿಯ ಹೊತ್ತಿಗೆ 16 ಮತಗಳಿಂದ ಸೋತಾಗ, ಅಲ್ಲಿ ಹೊತ್ತಿಕೊಂಡ ಜಗಳವು ಅಂಚೆ ಮತಪತ್ರಗಳದು, ಅಂದರೆ ಕಾಗದದ್ದು. ಆ ಶಿಫಾರಸಿನ ಜೊತೆಯಲ್ಲಿಯೇ, ಸ್ಥಳೀಯ ಚುನಾವಣೆಗಳ ಮತದಾರರ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗವೇ ಸ್ವತಂತ್ರವಾಗಿ ಸಿದ್ಧಪಡಿಸಲು ಅಧಿಕಾರ ಕೊಡಬೇಕೆಂಬ ಇನ್ನೊಂದು ಮಾತೂ ಇತ್ತು. ವಾಗ್ವಾದವೆಲ್ಲ ಕಾಗದ ಯಂತ್ರಗಳ ಸುತ್ತ ನಡೆಯಿತು. ದೂರದ ಪರಿಣಾಮವುಳ್ಳದ್ದು ಎರಡನೆಯದು.